ಕೀಲುಗಳ ಚಲನೆ ಉಳಿಸುವ ವ್ಯಾಯಾಮ: ಹಾಸಿಗೆ ಹಿಡಿದವರ ಮನೆಯವರಿಗೆ ಮಾಹಿತಿ



ಮನೆಯ ಹಿರಿಯರೊಬ್ಬರು ಪಾರ್ಶ್ವವಾಯುವಿನಿಂದಲೋ ಮೂಳೆ ಮುರಿದೋ ಹಾಸಿಗೆ ಹಿಡಿದರೆ ನಮ್ಮ ಕುಟುಂಬಗಳು ಸೇವೆಯಲ್ಲಿ ಕೊರತೆ ಮಾಡುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಸ್ನಾನ, ಬಟ್ಟೆ ಎಲ್ಲವೂ ಆಗುತ್ತದೆ. ಸಂಜೆ ಪಕ್ಕದಲ್ಲಿ ಕುಳಿತು ಸ್ತೋತ್ರ ಓದುವವರೂ ಇರುತ್ತಾರೆ. ಆದರೂ ಎರಡು ಮೂರು ತಿಂಗಳಾದ ಮೇಲೆ ನೋಡಿದರೆ ಕಾಯಿಲೆ ಇಳಿದಿರುತ್ತದೆ, ಮೊಣಕಾಲು ಮಾತ್ರ ಮಡಚಿದಲ್ಲೇ ನಿಂತಿರುತ್ತದೆ. ಕೈಬೆರಳುಗಳು ಮುಷ್ಟಿ ಕಟ್ಟಿಕೊಂಡಿರುತ್ತವೆ. ಪಾದ ಕೆಳಕ್ಕೆ ಬಾಗಿ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಮನೆಯವರು ಇದೆಲ್ಲ ರೋಗದಿಂದಲೇ ಆಯಿತು ಎಂದುಕೊಳ್ಳುತ್ತಾರೆ. ಅದು ಪೂರ್ತಿ ನಿಜವಲ್ಲ. ಬಹಳ ಸಲ, ಆ ಕೀಲುಗಳನ್ನು ಯಾರೂ ದಿನವೂ ಅಲ್ಲಾಡಿಸದೆ ಬಿಟ್ಟದ್ದೇ ಇದಕ್ಕೆ ದೊಡ್ಡ ಕಾರಣವಾಗಿರುತ್ತದೆ.

ಇದನ್ನು ತಡೆಯುವ ಕೆಲಸಕ್ಕೆ ಫಿಸಿಯೋಥೆರಪಿಯಲ್ಲಿ ಕೀಲು ಚಲನ ವ್ಯಾಪ್ತಿಯ ವ್ಯಾಯಾಮ ಎನ್ನುತ್ತಾರೆ. ಆಸ್ಪತ್ರೆಗಳಲ್ಲಿ ಇದಕ್ಕೆ ‘ಆರ್‌ಒಎಂ’ ಎಂಬ ಹೆಸರೇ ರೂಢಿ. ಇದಕ್ಕೆ ಯಂತ್ರ ಬೇಡ, ಖರ್ಚು ಇಲ್ಲ. ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತರೆ ಮನೆಯವರೇ ದಿನಕ್ಕೆ ಎರಡು ಸಲ, ಹದಿನೈದು ಇಪ್ಪತ್ತು ನಿಮಿಷ ಮಾಡಿಸಬಹುದು. ಕುಶಾಲನಗರದಲ್ಲಿ ವ್ಯಾಪಾರ ಮಾಡಿಕೊಂಡು, ಆರೋಗ್ಯ ಶಿಬಿರಗಳಲ್ಲಿ ಹೆಸರು ಬರೆದುಕೊಳ್ಳುವ ಸ್ವಯಂಸೇವಕನಾಗಿ ಓಡಾಡುವ ನಾನು ವೈದ್ಯನಲ್ಲ. ಮನೆಮನೆಗಳಲ್ಲಿ ಬೇಕಾಗುವ ಮಾಹಿತಿಯನ್ನು ಒಂದೇ ಕಡೆ ಸೇರಿಸುವುದಷ್ಟೇ ಇಲ್ಲಿಯ ಉದ್ದೇಶ. ನಿಮ್ಮ ರೋಗಿಗೆ ಯಾವುದು ಸರಿ ಎಂಬ ಕೊನೆಯ ಮಾತು ವೈದ್ಯರದೇ.

ಚಲನ ವ್ಯಾಪ್ತಿ ಎಂದರೇನು?

ಪ್ರತಿಯೊಂದು ಕೀಲಿಗೂ ಇಂತಿಷ್ಟು ಬಾಗಬೇಕು, ಇಂತಿಷ್ಟು ತಿರುಗಬೇಕು ಎಂಬ ಅಳತೆಯಿದೆ. ಅದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಶಾಲೆಯ ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ಎರಡು ಉದ್ದ ಪಟ್ಟಿ ಜೋಡಿಸಿದಂತಿರುವ ಗೋನಿಯೋಮೀಟರ್ ಎಂಬ ಸಾಧನದಿಂದ ಫಿಸಿಯೋಥೆರಪಿಸ್ಟ್ ಅದನ್ನು ಅಳೆಯುತ್ತಾರೆ. ಆರೋಗ್ಯವಂತ ವಯಸ್ಕರಲ್ಲಿ ಸುಮಾರಾಗಿ ಹೀಗಿರುತ್ತದೆ:

ಭುಜ: ತೋಳನ್ನು ಮುಂದಿನಿಂದಲಾಗಲಿ ಪಕ್ಕದಿಂದಲಾಗಲಿ ತಲೆಯ ಮೇಲಕ್ಕೆ ಎತ್ತಲು 180 ಡಿಗ್ರಿ.
ಮೊಣಕೈ: ನೇರ ಸ್ಥಿತಿಯಿಂದ ಪೂರ್ತಿ ಮಡಚಲು 145ರಿಂದ 150 ಡಿಗ್ರಿ.
ಮಣಿಕಟ್ಟು: ಕೆಳಕ್ಕೆ 80, ಮೇಲಕ್ಕೆ 70 ಡಿಗ್ರಿ.
ತೊಡೆಸಂದು: ಮೊಣಕಾಲು ಮಡಚಿ ತೊಡೆಯನ್ನು ಹೊಟ್ಟೆಯ ಕಡೆಗೆ ತರಲು 120 ಡಿಗ್ರಿ.
ಮೊಣಕಾಲು: 0ಯಿಂದ 135–140 ಡಿಗ್ರಿ.
ಕಣಕಾಲು: ಪಾದವನ್ನು ಮೇಲಕ್ಕೆ ಎತ್ತಲು 20, ಕೆಳಕ್ಕೆ ಚಾಚಲು 50 ಡಿಗ್ರಿ.

ವಯಸ್ಸಾದಂತೆ ಇದು ಸ್ವಲ್ಪ ಕಡಿಮೆಯಾಗುವುದು ಸಹಜ. ಗಮನಿಸಬೇಕಾದದ್ದು, ಯಾವ ಕೆಲಸಕ್ಕೆ ಎಷ್ಟು ಬೇಕು ಎಂಬುದನ್ನು. ಸಮತಟ್ಟಾದ ನೆಲದಲ್ಲಿ ನಡೆಯಲು ಮೊಣಕಾಲು 60ರಿಂದ 70 ಡಿಗ್ರಿ ಬಾಗಿದರೆ ಸಾಕು. ಮೆಟ್ಟಿಲು ಹತ್ತಿ ಇಳಿಯಲು, ಕುರ್ಚಿಯಲ್ಲಿ ಕೂತು ಏಳಲು ಸುಮಾರು 90 ಡಿಗ್ರಿ ಬೇಕು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರಲು, ಕುಕ್ಕರಗಾಲಲ್ಲಿ ಕೂರಲು 110 ಡಿಗ್ರಿಗೂ ಹೆಚ್ಚು ಬೇಕಾಗುತ್ತದೆ. ಬಸದಿಯಲ್ಲಿ ನೆಲದ ಮೇಲೆ ಕೂತು ಪೂಜೆ ಮಾಡುವ, ಸಾಮಾಯಿಕಕ್ಕೆ ಕೂರುವ, ಪಂಚಾಂಗ ನಮಸ್ಕಾರ ಮಾಡುವ ನಮ್ಮವರಿಗೆ ಕುರ್ಚಿಯ ಬದುಕಿಗಿಂತ ಹೆಚ್ಚಿನ ಚಲನೆ ಬೇಕು ಎಂದಾಯಿತು.

ಕೀಲು ಏಕೆ ಕಟ್ಟಿಕೊಳ್ಳುತ್ತದೆ?

ಮೂಳೆಗಳ ತುದಿಯಲ್ಲಿ ನುಣುಪಾದ ಮೃದ್ವಸ್ಥಿ ಇರುತ್ತದೆ. ಅದಕ್ಕೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಆಹಾರ ಸಿಗಬೇಕು. ಕೀಲು ಆಡಿದಾಗ ಮೃದ್ವಸ್ಥಿ ಸ್ಪಂಜಿನಂತೆ ಒತ್ತಿ, ಮತ್ತೆ ಸಡಿಲಗೊಂಡು ಈ ದ್ರವವನ್ನು ಹೀರಿಕೊಳ್ಳುತ್ತದೆ. ಆಡದ ಕೀಲಿಗೆ ಈ ಪೋಷಣೆ ಕಡಿಮೆಯಾಗುತ್ತದೆ.

ಕೀಲಿನ ಸುತ್ತ ಚೀಲದಂತಹ ಒಂದು ಪೊರೆ ಇದೆ. ಅದರ ಮೇಲೆ ಸ್ನಾಯು, ಸ್ನಾಯುರಜ್ಜುಗಳಿವೆ. ಒಂದೇ ಭಂಗಿಯಲ್ಲಿ ವಾರಗಟ್ಟಲೆ ಇಟ್ಟರೆ ಪೊರೆಯ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸ್ನಾಯು ಆ ಭಂಗಿಗೆ ತಕ್ಕಷ್ಟೇ ಗಿಡ್ಡವಾಗುತ್ತದೆ. ಮೊದಲು ಬರುವುದು ಬಿಗಿತ. ಅದು ವ್ಯಾಯಾಮದಿಂದ ಬಿಡುತ್ತದೆ. ಹಾಗೆಯೇ ಬಿಟ್ಟರೆ ಕೀಲು ಶಾಶ್ವತವಾಗಿ ಕಟ್ಟಿಕೊಳ್ಳುತ್ತದೆ. ಆಗ ತಿಂಗಳುಗಟ್ಟಲೆ ಚಿಕಿತ್ಸೆ, ಪಟ್ಟಿ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಸಾಲದ ಬಡ್ಡಿಯ ಹಾಗೆ ಇದು ನಾವು ಲೆಕ್ಕ ಹಾಕದ ದಿನಗಳಲ್ಲಿಯೂ ಬೆಳೆಯುತ್ತಿರುತ್ತದೆ.

ವಿಶ್ರಾಂತಿಯಿಂದ ಚಲನೆಗೆ

‘ಅಲ್ಲಾಡಿಸಬೇಡಿ, ವಿಶ್ರಾಂತಿ ಕೊಡಿ’ ಎಂಬುದು ನಮ್ಮ ಮನೆಗಳ ಮಾತು ಮಾತ್ರವಲ್ಲ, ಒಂದು ಕಾಲಕ್ಕೆ ವೈದ್ಯಶಾಸ್ತ್ರದ ಮಾತೂ ಅದೇ ಆಗಿತ್ತು. 19ನೇ ಶತಮಾನದ ಇಂಗ್ಲೆಂಡಿನ ಹೆಸರಾಂತ ಮೂಳೆ ವೈದ್ಯ ಹ್ಯೂ ಓವನ್ ಥಾಮಸ್ ನೋವಿನ ಕೀಲಿಗೆ ದೀರ್ಘಕಾಲದ, ಬಿಡುವಿಲ್ಲದ ವಿಶ್ರಾಂತಿಯನ್ನೇ ಬೋಧಿಸಿದರು. ಅವರ ಹೆಸರಿನ ಥಾಮಸ್ ಸ್ಪ್ಲಿಂಟ್ ಇಂದಿಗೂ ತೊಡೆಮೂಳೆ ಮುರಿದವರಿಗೆ ಹಾಕುವ ಸಾಧನ. 1970ರಲ್ಲಿ ಕೆನಡಾದ ಟೊರೊಂಟೊದ ರಾಬರ್ಟ್ ಸಾಲ್ಟರ್ ಇದಕ್ಕೆ ಎದುರಾದ ವಿಚಾರ ಮುಂದಿಟ್ಟರು: ಪೆಟ್ಟಾದ ಕೀಲನ್ನು ಕಟ್ಟಿಹಾಕುವುದಕ್ಕಿಂತ ಮೆಲ್ಲಗೆ ಆಡಿಸುತ್ತಿದ್ದರೆ ಮೃದ್ವಸ್ಥಿ ಚೆನ್ನಾಗಿ ವಾಸಿಯಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಕಾಲನ್ನು ತಾನೇ ಮಡಚಿ ಬಿಡಿಸುವ ‘ಸಿಪಿಎಂ’ ಯಂತ್ರಗಳು ಈ ವಿಚಾರದಿಂದ ಬಂದವು.

ಇಂದಿನ ಪದ್ಧತಿ ಎರಡನ್ನೂ ಒಪ್ಪುತ್ತದೆ. ಮುರಿದ ಮೂಳೆಗೆ ವಿಶ್ರಾಂತಿ ಬೇಕು, ಅದರ ಆಚೀಚೆಯ ಕೀಲುಗಳಿಗೆ ಬೇಡ. ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು ಕೈಯನ್ನು ಜೋಳಿಗೆಯಲ್ಲಿಟ್ಟು ಒಂದೂವರೆ ತಿಂಗಳು ಸುಮ್ಮನಿದ್ದರೆ, ಪ್ಲಾಸ್ಟರ್ ಬಿಚ್ಚುವ ದಿನ ಮಣಿಕಟ್ಟು ಸರಿಯಾಗಿರುತ್ತದೆ, ಭುಜ ಮತ್ತು ಬೆರಳು ಬಿಗಿದಿರುತ್ತವೆ. ಆದ್ದರಿಂದ ಪ್ಲಾಸ್ಟರ್ ಹಾಕಿದ ದಿನವೇ ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ: ‘ಯಾವ ಕೀಲನ್ನು ಆಡಿಸಬಾರದು, ಯಾವುದನ್ನು ದಿನವೂ ಆಡಿಸಬೇಕು?’

ವ್ಯಾಯಾಮದ ಮೂರು ಬಗೆ

1. ಪರರಿಂದ ಚಲನೆ: ರೋಗಿ ಸ್ವಲ್ಪವೂ ಶಕ್ತಿ ಹಾಕುವುದಿಲ್ಲ, ಇನ್ನೊಬ್ಬರು ಅಂಗವನ್ನು ಹಿಡಿದು ಆಡಿಸುತ್ತಾರೆ. ಪ್ರಜ್ಞೆ ಇಲ್ಲದವರಿಗೆ, ಕೈಕಾಲು ಸ್ವಾಧೀನ ತಪ್ಪಿದವರಿಗೆ ಇದು. ಇದರಿಂದ ಕೀಲು ಉಳಿಯುತ್ತದೆ, ಸ್ನಾಯುವಿಗೆ ಬಲ ಬರುವುದಿಲ್ಲ.

2. ಸಹಾಯದ ಚಲನೆ: ರೋಗಿ ಎಷ್ಟು ಸಾಧ್ಯವೋ ಅಷ್ಟು ತಾನೇ ಮಾಡುತ್ತಾರೆ, ಉಳಿದದ್ದಕ್ಕೆ ಮನೆಯವರ ಕೈ, ತಮ್ಮದೇ ಇನ್ನೊಂದು ಕೈ ಅಥವಾ ಒಂದು ಕೋಲಿನ ಆಸರೆ.

3. ಸ್ವಂತ ಚಲನೆ: ರೋಗಿ ತಾನೇ ಪೂರ್ತಿ ಆಡಿಸುತ್ತಾರೆ. ಸ್ನಾಯು, ರಕ್ತಸಂಚಾರ ಎರಡಕ್ಕೂ ಒಳ್ಳೆಯದು.

ಮೊದಲನೆಯದರಿಂದ ಮೂರನೆಯದಕ್ಕೆ ಸಾಗುವುದೇ ಗುರಿ. ಪ್ರೀತಿ ಹೆಚ್ಚಾಗಿ ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ರೋಗಿ ಮೊದಲ ಹಂತದಲ್ಲೇ ಉಳಿಯುತ್ತಾರೆ. ತುತ್ತು ಎತ್ತಲು ಬರುವವರಿಗೆ ಬಾಯಿಗೆ ಇಡಬೇಡಿ. ನಿಧಾನವಾದರೂ ಅವರೇ ಎತ್ತಲಿ.

ಯಾರಿಗೆ, ಯಾವಾಗ ಮಾಡಬಾರದು?

ಕೆಳಗಿನ ಸ್ಥಿತಿಗಳಲ್ಲಿ ವೈದ್ಯರು ಹೇಳದೆ ಕೀಲನ್ನು ಆಡಿಸಬೇಡಿ.

ಮುರಿದ ಮೂಳೆ ಕೂಡದಿದ್ದಾಗ, ಅಥವಾ ಮುರಿದಿದೆಯೇ ಎಂಬ ಸಂಶಯವಿದ್ದಾಗ.
ಕೀಲು ಜಾರಿದಾಗ.
ಕೀಲು ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರವೂ ಇದ್ದಾಗ. ಇದು ಸೋಂಕಿರಬಹುದು.
ಶಸ್ತ್ರಚಿಕಿತ್ಸೆಯಾಗಿ, ಎಷ್ಟು ಬಾಗಿಸಬಹುದು ಎಂದು ವೈದ್ಯರು ಹೇಳದಿದ್ದಾಗ.
ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದಾಗ. ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಈ ಕಾಲನ್ನು ತಿಕ್ಕುವುದೂ ಅಪಾಯ. ಜೊತೆಗೆ ಉಸಿರಾಟದ ತೊಂದರೆ ಕಾಣಿಸಿದರೆ ತಕ್ಷಣ ಆಸ್ಪತ್ರೆಗೆ ಸೇರಿಸಿ.

ಮಾಡುವಾಗ ಎಳೆದಂತಹ ಅನುಭವ ಇರಬಹುದು, ಚುಚ್ಚುವ ನೋವು ಇರಬಾರದು. ಮಾತನಾಡಲು ಆಗದವರಾದರೆ ಮುಖ ನೋಡುತ್ತಿರಿ. ವ್ಯಾಯಾಮ ಮುಗಿದು ಎರಡು ಗಂಟೆಯಾದರೂ ನೋವು ಇಳಿಯದಿದ್ದರೆ ಅಂದು ಅತಿಯಾಯಿತು ಎಂದು ತಿಳಿದು ಮರುದಿನ ಕಡಿಮೆ ಮಾಡಬೇಕು, ಪೂರ್ತಿ ನಿಲ್ಲಿಸಬಾರದು.

ಕೀಲಿನಿಂದ ಕೀಲಿಗೆ: ಮಾಡಿಸುವ ಕ್ರಮ

ರೋಗಿಯನ್ನು ಅಂಗಾತ ಮಲಗಿಸಿ. ಯಾವ ಕೀಲನ್ನು ಆಡಿಸುತ್ತೀರೋ ಅದರ ಮೇಲೊಂದು ಕೈ, ಕೆಳಗೊಂದು ಕೈ ಆಸರೆಯಿರಲಿ. ಬೆರಳಿನಿಂದ ಚಿವುಟಿ ಹಿಡಿಯದೆ ಅಂಗೈಯಿಂದ ಹಿಡಿಯಿರಿ. ಪ್ರತಿ ಚಲನೆಯನ್ನು ನಿಧಾನವಾಗಿ 5ರಿಂದ 10 ಸಲ ಮಾಡಿ. ತುದಿಯಲ್ಲಿ ಐದು ಎಣಿಸುವವರೆಗೆ ನಿಲ್ಲಿಸಿ. ಮಾಡಿಸುವವರ ಬೆನ್ನಿನ ಕಾಳಜಿಯೂ ಮುಖ್ಯ. ಹಾಸಿಗೆ ಬಹಳ ತಗ್ಗಿದ್ದರೆ ಬಗ್ಗದೆ, ಒಂದು ಮಂಡಿಯನ್ನು ಹಾಸಿಗೆಯ ಮೇಲೂರಿ ಕೆಲಸ ಮಾಡಿ.

ಭುಜ: ಒಂದು ಕೈಯಲ್ಲಿ ಮೊಣಕೈ, ಇನ್ನೊಂದರಲ್ಲಿ ಮಣಿಕಟ್ಟು ಹಿಡಿದು ತೋಳನ್ನು ಮುಂದಿನಿಂದ ಮೇಲಕ್ಕೆ ತನ್ನಿ. ಆಮೇಲೆ ಪಕ್ಕಕ್ಕೆ ಸರಿಸಿ. ಪಕ್ಕದಿಂದ ಭುಜದ ಮಟ್ಟಕ್ಕಿಂತ ಮೇಲೆ ಹೋಗುವ ಮೊದಲು ಅಂಗೈ ಮೇಲ್ಮುಖವಾಗಿರಲಿ. ಕೊನೆಗೆ ಮೊಣಕೈಯನ್ನು ಮಡಚಿ ಪಕ್ಕೆಗೆ ತಾಗಿಸಿಟ್ಟು, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ, ಮತ್ತೆ ಹೊಟ್ಟೆಯ ಕಡೆಗೆ ತಿರುಗಿಸಿ.

ಮೊಣಕೈ ಮತ್ತು ಮುಂಗೈ: ಪೂರ್ತಿ ಮಡಚಿ, ಪೂರ್ತಿ ಚಾಚಿ. ನಂತರ ಅಂಗೈಯನ್ನು ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ತಿರುಗಿಸಿ.

ಮಣಿಕಟ್ಟು, ಬೆರಳು: ಮಣಿಕಟ್ಟನ್ನು ಮುಂದೆ ಹಿಂದೆ ಬಾಗಿಸಿ. ನಾಲ್ಕೂ ಬೆರಳನ್ನು ಮುಷ್ಟಿಯಾಗಿ ಮಡಚಿ, ಪೂರ್ತಿ ಬಿಡಿಸಿ. ಹೆಬ್ಬೆರಳನ್ನು ಹೊರಕ್ಕೆ ಅಗಲಿಸಿ, ಆಮೇಲೆ ಕಿರುಬೆರಳ ಬುಡಕ್ಕೆ ತಾಗಿಸಿ. ಬಟ್ಟೆ ತೊಡಲು, ಚಮಚ ಹಿಡಿಯಲು, ಜಪಮಾಲೆಯ ಮಣಿ ಎಣಿಸಲು ಬೇಕಾದದ್ದು ಈ ಹೆಬ್ಬೆರಳ ಚಲನೆಯೇ.

ತೊಡೆಸಂದು ಮತ್ತು ಮೊಣಕಾಲು: ಒಂದು ಕೈ ಮಂಡಿಯ ಕೆಳಗೆ, ಇನ್ನೊಂದು ಹಿಮ್ಮಡಿಯ ಕೆಳಗೆ. ಮಂಡಿಯನ್ನು ಮಡಚುತ್ತ ಎದೆಯ ಕಡೆಗೆ ತನ್ನಿ, ಮತ್ತೆ ನೇರ ಮಾಡಿ. ಕಾಲನ್ನು ನೇರವಾಗಿಟ್ಟು ಪಕ್ಕಕ್ಕೆ ಸರಿಸಿ, ಮರಳಿ ತನ್ನಿ. ಬಳಿಕ ಕಾಲನ್ನು ಹಾಸಿಗೆಯ ಮೇಲೆಯೇ ಒಳಕ್ಕೆ, ಹೊರಕ್ಕೆ ಉರುಳಿಸಿ. ಮಂಡಿ ಮಡಚುವುದಕ್ಕಿಂತಲೂ ಪೂರ್ತಿ ನೇರವಾಗುವುದನ್ನು ಹೆಚ್ಚು ಗಮನಿಸಿ. ನೇರವಾಗದ ಕಾಲಿನ ಮೇಲೆ ನಿಲ್ಲುವುದು ಕಷ್ಟ.

ಕಣಕಾಲು: ಹಿಮ್ಮಡಿಯನ್ನು ಅಂಗೈಯಲ್ಲಿ ಬಟ್ಟಲಿನಂತೆ ಹಿಡಿದು, ರೋಗಿಯ ಅಂಗಾಲು ನಿಮ್ಮ ಮುಂಗೈಗೆ ಒರಗುವಂತೆ ಮಾಡಿ. ಮಂಡಿ ನೇರವಿರುವಾಗ ಪಾದವನ್ನು ರೋಗಿಯ ತಲೆಯ ಕಡೆಗೆ ಒತ್ತಿ 20ರಿಂದ 30 ಸೆಕೆಂಡು ಹಿಡಿಯಿರಿ. ಹೊದಿಕೆಯ ಭಾರಕ್ಕೇ ಪಾದ ಕೆಳಕ್ಕೆ ಬಾಗುವುದರಿಂದ ಮಲಗಿದವರಲ್ಲಿ ಬೇಗ ಕೆಡುವ ಕೀಲುಗಳಲ್ಲಿ ಇದೂ ಒಂದು. ಇದೊಂದನ್ನು ದಿನಕ್ಕೆ ಮೂರು ನಾಲ್ಕು ಸಲ ಮಾಡಿದರೂ ಒಳ್ಳೆಯದೇ.

ಕತ್ತು: ಕತ್ತನ್ನು ಇನ್ನೊಬ್ಬರು ಹಿಡಿದು ತಿರುಗಿಸಬಾರದು. ಸಾಧ್ಯವಾದವರು ತಾವೇ ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಲಿ, ಕೆಳಗೆ ನೋಡಲಿ.

ಸ್ಥಿತಿಗೆ ತಕ್ಕ ಎಚ್ಚರಿಕೆ

ಪಾರ್ಶ್ವವಾಯು: ಸ್ವಾಧೀನ ತಪ್ಪಿದ ಕೈಯ ಭುಜವನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಎಬ್ಬಿಸಿ ಕೂರಿಸುವಾಗ ಆ ಕೈಯನ್ನು ಹಿಡಿದು ಎಳೆದರೆ, ಕಂಕುಳಿಗೆ ಕೈ ಹಾಕಿ ಎತ್ತಿದರೆ ಭುಜ ಜಾರಿ ನಿಲ್ಲದ ನೋವು ಶುರುವಾಗುತ್ತದೆ. ಬೆನ್ನು ಮತ್ತು ಸೊಂಟಕ್ಕೆ ಆಸರೆ ಕೊಟ್ಟೇ ಎಬ್ಬಿಸಬೇಕು. ಆ ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತುವುದನ್ನು ಫಿಸಿಯೋಥೆರಪಿಸ್ಟ್ ಕಣ್ಣೆದುರು ಕಲಿತ ನಂತರವೇ ಮಾಡಿ. ಛಾವಣಿಗೆ ರಾಟೆ ಕಟ್ಟಿ ಹಗ್ಗದಿಂದ ಕೈ ಎಳೆಯುವ ಅಭ್ಯಾಸ ಈ ರೋಗಿಗಳಿಗೆ ಸಲ್ಲದು.

ಮಂಡಿ ಕೀಲು ಬದಲಾವಣೆ: ಮೊದಲ ವಾರಗಳ ಗುರಿ ಎರಡು, ಕಾಲು ಪೂರ್ತಿ ನೇರವಾಗಬೇಕು ಮತ್ತು 90 ಡಿಗ್ರಿ ಬಾಗಬೇಕು. ಆಪರೇಷನ್ ಚೆನ್ನಾಗಿ ಆಗಿದ್ದರೂ ನೋವಿಗೆ ಹೆದರಿ ಈ ವಾರಗಳನ್ನು ಕಳೆದುಕೊಂಡರೆ ಫಲ ಅರ್ಧವಾಗುತ್ತದೆ. ವೈದ್ಯರು ಕೊಟ್ಟ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಸ್ವಲ್ಪ ಮೊದಲು ತೆಗೆದುಕೊಳ್ಳುವಂತೆ ವೇಳೆ ಹೊಂದಿಸಬಹುದೇ ಎಂದು ಕೇಳಿ. ನೆಲದ ಮೇಲೆ ಕೂರಬಹುದೇ ಎಂಬುದನ್ನು ಆಪರೇಷನ್ ಮಾಡಿದವರೇ ಹೇಳಬೇಕು.

ತೊಡೆಸಂದಿನ ಕೀಲು ಬದಲಾವಣೆ: ಇಲ್ಲಿ ನಿಯಮ ಬೇರೆ. ಸಾಮಾನ್ಯವಾಗಿ ಕೆಲವು ತಿಂಗಳು ಕಾಲ ಮೇಲೆ ಕಾಲು ಹಾಕುವುದು, ತಗ್ಗಿನ ಆಸನದಲ್ಲಿ ಕೂರುವುದು, ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಾಗಿಸುವುದು ಬೇಡವೆನ್ನುತ್ತಾರೆ. ಎದೆಗೆ ಮಂಡಿ ತರುವ ವ್ಯಾಯಾಮ ಇವರಿಗಲ್ಲ.

ಭುಜ ಹಿಡಿದುಕೊಳ್ಳುವುದು: ಫ್ರೋಜನ್ ಶೋಲ್ಡರ್ ಎನ್ನುವ ಈ ತೊಂದರೆ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಮೊದಲು ನೋವು, ನಂತರ ಬಿಗಿತ, ಆಮೇಲೆ ನಿಧಾನವಾಗಿ ಬಿಡುವುದು ಎಂದು ಒಂದರಿಂದ ಮೂರು ವರ್ಷ ಎಳೆಯಬಹುದು. ನೋವಿನ ಹಂತದಲ್ಲಿ ಬಲವಂತ ಬೇಡ. ಮೇಜಿಗೆ ಒಂದು ಕೈ ಊರಿ ಮುಂದಕ್ಕೆ ಬಾಗಿ, ನೋವಿನ ತೋಳನ್ನು ಲೋಲಕದಂತೆ ತೂಗುವುದು ಸಾಕು. ಬಿಗಿತದ ಹಂತದಲ್ಲಿ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತ ಹೋಗಿ, ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿ. ಅಂಗಡಿಯ ಗಾದಿಯ ಮೇಲೆ ದಿನವಿಡೀ ಕೂರುವವರಿಗೂ ಇದು ಸುಲಭ.

ಮೊಣಕೈ ಪೆಟ್ಟು: ಮೊಣಕೈ ಮುರಿದು ವಾಸಿಯಾಗುತ್ತಿರುವಾಗ ಎಣ್ಣೆ ಹಾಕಿ ಬಲವಾಗಿ ತಿಕ್ಕಿಸುವುದು, ಎಳೆದು ನೇರ ಮಾಡಿಸುವುದು ದೊಡ್ಡ ತಪ್ಪು. ಪೆಟ್ಟಾದ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಪೂರ್ತಿ ಕಟ್ಟಿಕೊಳ್ಳುವ ಸಂಭವ ಇದೆ. ಮಕ್ಕಳಿಗಂತೂ ಇದನ್ನು ಮಾಡಿಸಲೇಬಾರದು. ಮಗು ತಾನೇ ಆಡುತ್ತ ಕೈ ಬಳಸಲಿ.

ಸಂಧಿವಾತ: ರುಮಟಾಯ್ಡ್ ಸಂಧಿವಾತ ಕೆರಳಿದ ದಿನಗಳಲ್ಲಿ ದಿನಕ್ಕೊಮ್ಮೆ ಎರಡು ಮೂರು ಸಲ ಮೆಲ್ಲಗೆ ಆಡಿಸಿದರೆ ಸಾಕು. ಬೆಳಗಿನ ಬಿಗಿತಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ ಬೆರಳಾಡಿಸುವುದು ಹಿತ.

ಕಾಲು ಕಳೆದುಕೊಂಡವರು ಮತ್ತು ಜೈಪುರ ಪಾದ

ಈ ವಿಷಯ ನಮ್ಮ ಸಮಾಜದ ಸೇವಾ ಕಾರ್ಯಕರ್ತರಿಗೆ ವಿಶೇಷವಾಗಿ ಗೊತ್ತಿರಬೇಕು. ಜೈಪುರದಲ್ಲಿ 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಪಾದ ನೆಲದ ಮೇಲೆ ಕೂರುವ, ಕುಕ್ಕರಗಾಲಲ್ಲಿ ಕೂರುವ, ಬರಿಗಾಲಲ್ಲಿ ನಡೆಯುವ ನಮ್ಮ ಬದುಕಿಗೆ ಹೊಂದುವಂಥದ್ದು. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಉಚಿತವಾಗಿ ದೇಶವಿದೇಶಗಳಿಗೆ ಮುಟ್ಟಿಸಿತು. ಕೃತಕ ಕಾಲು ಜೋಡಣಾ ಶಿಬಿರಗಳು ಕರ್ನಾಟಕದ ಊರುಗಳಲ್ಲಿಯೂ ನಡೆಯುತ್ತವೆ.

ಆದರೆ ಮೊಣಕಾಲಿನ ಕೆಳಗೆ ಕಾಲು ತೆಗೆದವರ ಮಂಡಿ ಮಡಚಿದಲ್ಲೇ ಕಟ್ಟಿಕೊಂಡಿದ್ದರೆ ಕೃತಕ ಕಾಲು ಸರಿಯಾಗಿ ಕೂರುವುದಿಲ್ಲ. ಶಿಬಿರದ ಸಾಲಿನಲ್ಲಿ ಬೆಳಗ್ಗೆಯಿಂದ ಕಾದು, ‘ಮೊದಲು ಮಂಡಿ ನೇರ ಮಾಡಿಸಿಕೊಂಡು ಬನ್ನಿ’ ಎಂದು ಹೇಳಿಸಿಕೊಂಡು ಹಿಂದಿರುಗಿದವರನ್ನು ನಾನು ಕಂಡಿದ್ದೇನೆ. ಮುಂದಿನ ಶಿಬಿರ ಯಾವಾಗಲೋ, ಅಷ್ಟರಲ್ಲಿ ಮಂಡಿ ಇನ್ನಷ್ಟು ಕಟ್ಟಿರುತ್ತದೆ. ಮನೆಯಲ್ಲಿ ಆರಾಮಕ್ಕೆಂದು ಉಳಿದ ಕಾಲಿನ ಕೆಳಗೆ ಇಟ್ಟ ದಿಂಬೂ ಇದಕ್ಕೆ ಕಾರಣವಾಗಿರಬಹುದು.

ಕಾಲು ತೆಗೆದ ದಿನದಿಂದಲೇ ಪಾಲಿಸಬೇಕಾದ್ದು: ಮಂಡಿಯ ಕೆಳಗೆ, ತೊಡೆಗಳ ನಡುವೆ ದಿಂಬು ಇಡಬಾರದು. ಮಂಚದ ಅಂಚಿನಲ್ಲಿ, ಗಾಲಿಕುರ್ಚಿಯಲ್ಲಿ ಉಳಿದ ಕಾಲನ್ನು ಬಹಳ ಹೊತ್ತು ಜೋತುಬಿಡಬಾರದು. ವೈದ್ಯರು ಒಪ್ಪಿದರೆ ದಿನಕ್ಕೆ ಎರಡು ಮೂರು ಸಲ 20 ನಿಮಿಷ ಬೋರಲು ಮಲಗಬೇಕು. ಇದರಿಂದ ತೊಡೆಸಂದು ನೇರವಾಗಿ ಉಳಿಯುತ್ತದೆ. ಮಂಡಿಯನ್ನು ಪೂರ್ತಿ ಚಾಚಿ, ತೊಡೆಯ ಸ್ನಾಯುವನ್ನು ಬಿಗಿ ಮಾಡಿ ಹತ್ತು ಎಣಿಸುವುದನ್ನು ದಿನಕ್ಕೆ ಹಲವು ಸಲ ಮಾಡಬೇಕು.

ಶಿಬಿರ ಏರ್ಪಡಿಸುವ ಸಂಘಗಳಲ್ಲಿ ನನ್ನ ವಿನಂತಿ: ಹೆಸರು ನೋಂದಾಯಿಸುವ ದಿನವೇ ಪ್ರತಿಯೊಬ್ಬರ ಮಂಡಿ ನೇರವಾಗುತ್ತದೆಯೇ ನೋಡಿ. ಆಗದವರಿಗೆ ಶಿಬಿರಕ್ಕೆ ಮುಂಚಿನ ವಾರಗಳಲ್ಲೇ ಫಿಸಿಯೋಥೆರಪಿ ಸಿಗುವಂತೆ ಮಾಡಿ. ಊಟದ ವ್ಯವಸ್ಥೆಗೆ ಕೊಡುವಷ್ಟೇ ಗಮನ ಇದಕ್ಕೂ ಬೇಕು.

ಮಲಗುವ ಭಂಗಿ

ವ್ಯಾಯಾಮ ನಡೆಯುವುದು ಅರ್ಧ ಗಂಟೆ. ಉಳಿದ ಇಪ್ಪತ್ಮೂರುವರೆ ಗಂಟೆ ಕೀಲು ಹೇಗಿದೆ ಎಂಬುದೂ ಅಷ್ಟೇ ಮುಖ್ಯ. ಮಂಡಿಯ ಕೆಳಗೆ ಸದಾ ದಿಂಬಿಡುವ ಅಭ್ಯಾಸ ಯಾರಿಗೂ ಬೇಡ. ಪಾದ ಮೇಲ್ಮುಖವಾಗಿ ನಿಲ್ಲುವಂತೆ ಅಂಗಾಲಿಗೆ ಆಸರೆ ಕೊಡಿ. ಕಾಲು ಹೊರಕ್ಕೆ ವಾಲುತ್ತಿದ್ದರೆ ತೊಡೆಯ ಪಕ್ಕಕ್ಕೆ ಟವೆಲ್ ಸುರುಳಿ ಇಡಿ. ಸ್ವಾಧೀನವಿಲ್ಲದ ತೋಳಿನ ಕೆಳಗೆ ದಿಂಬಿಟ್ಟು ದೇಹದಿಂದ ಸ್ವಲ್ಪ ದೂರ ಇರಿಸಿ, ಬೆರಳುಗಳು ಬಿಡಿಸಿರಲಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಕೀಲಿಗೂ ಒಳ್ಳೆಯದು, ಬೆನ್ನು ಹುಣ್ಣೂ ತಪ್ಪುತ್ತದೆ.

ವ್ರತ, ನಿಯಮ ಮತ್ತು ಮಾತ್ರೆಗಳು

ಸಾಮಾಯಿಕದ ಅವಧಿ 48 ನಿಮಿಷ. ಮಂಡಿ ನೋವಿರುವವರು ಅಷ್ಟು ಹೊತ್ತು ಒಂದೇ ಆಸನದಲ್ಲಿ ಕೂರುವ ಮೊದಲು ಮತ್ತು ಎದ್ದ ಮೇಲೆ ಹತ್ತು ಸಲ ಮಂಡಿ ಮಡಚಿ ಬಿಡಿಸಲಿ. ಕೂರಲು ಆಗದವರು ಕುರ್ಚಿಯಲ್ಲಿ ಕೂತು ಮಾಡುವುದು ಈಗ ಎಲ್ಲ ಕಡೆ ಕಾಣುವ ಸಂಗತಿ, ಅದಕ್ಕೆ ಸಂಕೋಚ ಬೇಡ. ಉಪವಾಸದ ದಿನ ಬಲ ಹಾಕುವ ವ್ಯಾಯಾಮ ಬಿಡಬಹುದು. ಮಲಗಿದಲ್ಲೇ ಕೀಲು ಆಡಿಸುವುದನ್ನು ಬಿಡುವ ಅಗತ್ಯವಿಲ್ಲ.

ಕೀಲಿಗೆಂದು ಮಾರುವ ಮಾತ್ರೆಗಳ ಬಗ್ಗೆ ನಮ್ಮವರು ತಿಳಿದಿರಬೇಕಾದ ಮಾತೊಂದಿದೆ. ಗ್ಲೂಕೋಸಮೈನ್ ಅನ್ನು ಬಹುಪಾಲು ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ. ಜೋಳದಿಂದ ಮಾಡಿದ್ದೂ ಸಿಗುತ್ತದೆ. ಕಾಂಡ್ರಾಯ್ಟಿನ್, ಕೊಲಾಜನ್ ಸಾಮಾನ್ಯವಾಗಿ ಪ್ರಾಣಿಮೂಲದವು. ಕ್ಯಾಪ್ಸೂಲಿನ ಹೊದಿಕೆ ಜೆಲಾಟಿನ್ ಆಗಿರಬಹುದು. ಪೂರಕ ಆಹಾರವಾಗಿ ಮಾರುವ ಡಬ್ಬಿಯ ಮೇಲೆ ಹಸಿರು ಗುರುತು ನೋಡಿ. ಔಷಧವಾಗಿ ಮಾರುವುದರಲ್ಲಿ ಆ ಗುರುತು ಸಾಮಾನ್ಯವಾಗಿ ಇರುವುದಿಲ್ಲ, ಆದ್ದರಿಂದ ಬರೆದುಕೊಡುವಾಗಲೇ ವೈದ್ಯರಿಗೆ ತಿಳಿಸಿ ಬೇರೆಯದನ್ನು ಕೇಳಿ. ವೈದ್ಯರು ಬರೆದ ಔಷಧಿಯನ್ನು ಹೇಳದೆ ಕೇಳದೆ ನಿಲ್ಲಿಸಬೇಡಿ. ಈ ಪೂರಕ ಮಾತ್ರೆಗಳಿಂದ ಎಷ್ಟು ಲಾಭ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಕೀಲು ಆಡಿಸುವುದರ ಅಗತ್ಯದ ಬಗ್ಗೆ ಅಂಥ ಭಿನ್ನಾಭಿಪ್ರಾಯ ಇಲ್ಲ.

ಎಲ್ಲಿ ಕೇಳಬೇಕು?

ಕೊಡಗಿನಲ್ಲಿ ಮನೆಗಳು ತೋಟಗಳ ನಡುವೆ ದೂರ ದೂರ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಹಾಸಿಗೆ ಹಿಡಿದವರನ್ನು ದಿನವೂ ಫಿಸಿಯೋಥೆರಪಿಗೆ ಕರೆದೊಯ್ಯುವುದು ಆಗದ ಮಾತು. ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ ಕಾರ್ಮಿಕರ ಮನೆಗೆ ಮಳೆಯಿಲ್ಲದಾಗಲೂ ಅದು ಕಷ್ಟವೇ. ಇಂಥಲ್ಲಿ ಒಂದು ಉಪಾಯ: ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಮನೆಯ ಇಬ್ಬರು ವ್ಯಾಯಾಮ ಕಲಿತುಕೊಳ್ಳಿ. ಫಿಸಿಯೋಥೆರಪಿಸ್ಟ್ ಒಪ್ಪಿಗೆ ಪಡೆದು ಅವರು ಮಾಡಿಸುವುದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ತೋರಿಸಿದರೂ ನಡೆಯುತ್ತದೆ.

ನಮ್ಮ ಭಾಗದವರಿಗೆ ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಇದೆ. ಕುಶಾಲನಗರ–ಮಡಿಕೇರಿ ರಸ್ತೆಯ ಸುಂಟಿಕೊಪ್ಪದಲ್ಲಿ ಕೂರ್ಗ್ ಫೌಂಡೇಶನ್ನಿನ ‘ಸ್ವಸ್ಥ’ ಕೇಂದ್ರ ವಿಶೇಷ ಮಕ್ಕಳ ಶಿಕ್ಷಣ ಮತ್ತು ಪುನರ್ವಸತಿಯ ಕೆಲಸ ಮಾಡುತ್ತಿದೆ. ಮೈಸೂರಿನಲ್ಲಿ ಜೆಎಸ್ಎಸ್ ಫಿಸಿಯೋಥೆರಪಿ ಕಾಲೇಜು, ಮಂಗಳೂರಿನಲ್ಲಿ ಫಾದರ್ ಮುಲ್ಲರ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಸತ್ತೂರಿನಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಫಿಸಿಯೋಥೆರಪಿ ಕಾಲೇಜು ಇವೆ. ನರ ಸಂಬಂಧಿ ಕಾಯಿಲೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನರ್ವಸತಿ ವಿಭಾಗವಿದೆ. ಅಂಗವೈಕಲ್ಯ ಉಳಿದವರು ಯುಡಿಐಡಿ ಕಾರ್ಡ್ ಮತ್ತು ಸರ್ಕಾರದ ಸಾಧನ ಸಲಕರಣೆಗಾಗಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಬಹುದು.

ಮನೆಗೆ ಬಂದು ಮಾಡಿಸುವವರನ್ನು ಗೊತ್ತುಮಾಡುವಾಗ ಬಿಪಿಟಿ ಅಥವಾ ಎಂಪಿಟಿ ಪದವಿ ಇದೆಯೇ ಕೇಳಿ. ಎಣ್ಣೆ ತಿಕ್ಕುವವರು ಫಿಸಿಯೋಥೆರಪಿಸ್ಟ್ ಅಲ್ಲ.

ಮನೆಯಲ್ಲಿ ಇಟ್ಟುಕೊಳ್ಳಬೇಕಾದ ಲೆಕ್ಕ

ಗೋಡೆಯ ಕ್ಯಾಲೆಂಡರಿನಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ಗುರುತು ಹಾಕಿ. ವಾರಕ್ಕೊಮ್ಮೆ ಮೂರು ಸಂಗತಿ ಬರೆಯಿರಿ: ಮಂಡಿ ಪೂರ್ತಿ ನೇರವಾಯಿತೇ, ಪಾದ ಮೇಲಕ್ಕೆ ಬಂತೇ, ಕೈ ಎಲ್ಲಿಯವರೆಗೆ ಎದ್ದಿತು. ಹಿಂದಿನ ವಾರಕ್ಕಿಂತ ಕಡಿಮೆಯಾಗಿದ್ದರೆ ತಡಮಾಡದೆ ಫಿಸಿಯೋಥೆರಪಿಸ್ಟ್‌ಗೆ ತಿಳಿಸಿ. ಸೇವೆಯ ಭಾರ ಒಬ್ಬ ಸೊಸೆಯ ಅಥವಾ ಒಬ್ಬ ಮಗಳ ಮೇಲೆಯೇ ಬೀಳದಂತೆ ಬೆಳಗಿನದನ್ನು ಒಬ್ಬರು, ಸಂಜೆಯದನ್ನು ಇನ್ನೊಬ್ಬರು ಹಂಚಿಕೊಳ್ಳಿ. ಅಂಗಡಿ ಮುಚ್ಚಿ ಬಂದ ಗಂಡಸರೂ ಇದನ್ನು ಕಲಿಯಲಿ.

ಅಶಕ್ತರ ಸೇವೆಯನ್ನು ನಮ್ಮ ಧರ್ಮದಲ್ಲಿ ವೈಯಾವೃತ್ಯವೆಂದು ಕರೆದು ತಪಸ್ಸಿನ ಸಾಲಿನಲ್ಲಿ ಇಟ್ಟಿದ್ದಾರೆ. ಔಷಧಿ, ಆಹಾರದ ಜೊತೆಗೆ ದಿನಕ್ಕೆರಡು ಸಲ ಕೈಕಾಲು ಆಡಿಸುವ ಈ ಅರ್ಧ ಗಂಟೆಯೂ ಅದರಲ್ಲಿ ಸೇರಲಿ. ರೋಗಿ ಚೇತರಿಸಿಕೊಂಡು ಎದ್ದು ನಿಲ್ಲುವ ದಿನ ಬಂದಾಗ ಕಾಲು ನೇರವಾಗಿ ನೆಲಕ್ಕೆ ಊರುವಂತಿರಬೇಕು. ಆ ತಯಾರಿ ಅವರು ಮಲಗಿದ ಮೊದಲ ವಾರದಲ್ಲೇ ಶುರುವಾಗಬೇಕು.